ಲಕ್ಷ್ಮಿಯ ಮೇಲೆ ಕೇಸು ಹಾಕಿದ ಕಾಕಾ

ನಮ್ಮ ಕಾಕಾನಷ್ಟು ದೈವಭಕ್ತ ಕೃಷ್ಣೆಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿದವನೂ ಅವನೊಬ್ಬನೇ!

ಆದದ್ದಿಷ್ಟು. ನಮ್ಮೂರ ಪಂಚಾಯಿತಿಯವರು ಪ್ರತಿ ದೀಪಾವಳಿಗೂ ಕಚೇರಿಯ ಬಾಗಿಲಲ್ಲೇ ಲಕ್ಷ್ಮಿಯ ಮಂಟಪ ಹಾಕಿಸಿ, ಬಣ್ಣದ ಲೈಟು ಬಿಟ್ಟು, ಮೂರು ದಿನ ಪೂಜೆ ಮಾಡಿಸುತ್ತಿದ್ದರು. ಖರ್ಚು ಪಂಚಾಯಿತಿಯದು, ಪ್ರಸಾದ ಊರಿನದು. ಯಾರಿಗೆ ಏನು ತ್ರಾಸು? ಕಾಕಾನಿಗೆ! ದಿನಾ ಎರಡು ತಾಸು ಪೂಜೆ ಮಾಡದೆ ಚಹಾ ಮುಟ್ಟದ ಈ ಮನುಷ್ಯ, ಸರಕಾರಿ ಕಚೇರಿಯಲ್ಲಿ ದೇವರ ಮಂಟಪ ಯಾಕೆ ಎಂದು ಅರ್ಜಿ ಬರೆದ.

ಅಧ್ಯಕ್ಷರು ಮನೆಗೇ ಬಂದರು. "ಕಾಕಾರ, ಲಕ್ಷ್ಮಿ ಬಂದ್ರ ನಿಮಗ್ಯಾಕ್ರಿ ಹೊಟ್ಟಿಬ್ಯಾನಿ?"

"ನಮ್ಮನಿಗೆ ಬರ್ಲಿ, ನಿಮ್ಮನಿಗೆ ಬರ್ಲಿ. ಪಂಚಾಯ್ತಿಗೆ ಬಂದ್ರ ಆಕಿಗೂ ನಾಳೆ ಬರ್ರಿ ಅಂತ ಹೇಳಿ ಕಳಸ್ತೀರಿ!"

ಅಧ್ಯಕ್ಷರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. "ನೋಡೂಣ್ರಿ, ದೀಪಾವಳಿಗೆ ನಿಮ್ಮನಿ ಫರಾಳಕ್ಕ ಯಾರ್ ಬರ್ತಾರ!"

ಆ ಮಾತು ಮಾತ್ರ ಕಾಕಾನಿಗೆ ನಾಟಿತು. ಹಬ್ಬದ ದಿನ ಊರನ್ನೆಲ್ಲ ಫರಾಳಕ್ಕೆ ಕರೆದು ಚಕ್ಕುಲಿ, ಶಂಕರಪಾಳಿ ತಿನ್ನಿಸುವುದೆಂದರೆ ಅವನಿಗೆ ಜೀವ. ಆದರೂ ಹಿಂದೆ ಸರಿಯಲಿಲ್ಲ. ಅರ್ಜಿಗೆ ಕುಂಕುಮ ಹಚ್ಚಿ, ಲಕ್ಷ್ಮಿಯ ಫೋಟೋಕ್ಕೆ ಕೈಮುಗಿದು ಕೋರ್ಟಿಗೆಂದು ಅಥಣಿ ಬಸ್ಸು ಹತ್ತಿದ!

ವಕೀಲರು ಹೌಹಾರಿದರು. "ಅಲ್ರಿ ಕಾಕಾರ, ಈ ಕುಂಕುಮದ ಕಾಗದ ತುಗೊಂಡು ಜಡ್ಜ್ ಸಾಹೇಬ್ರ ಮುಂದ ಏನಂತ ವಾದಾ ಮಾಡ್ಲಿ?"

ಕಾಕಾ ವಕೀಲರ ಕಂಪ್ಯೂಟರಿನ ಮೇಲಿದ್ದ ಮಹಾನವಮಿಯ ಕುಂಕುಮ ತೋರಿಸಿದ. "ಇದು ನಿಮ್ದು, ನೀವು ಹಚ್ಚೀರಿ. ಅರ್ಜಿ ನಂದು, ನಾ ಹಚ್ಚೀನಿ. ಪಂಚಾಯ್ತಿ ಯಾರದು? ಎಲ್ಲಾರದು! ಇಷ್ಟ ವಾದಾ ಮಾಡ್ರಿ, ಸಾಕು."

ಗೆದ್ದನೋ? ಗೆದ್ದ! ಪಂಚಾಯಿತಿ ಮಂಟಪ ಹಾಕಿಸುವಂತಿಲ್ಲ, ನೌಕರರನ್ನು ಪೂಜೆಗೆ ಹಚ್ಚುವಂತಿಲ್ಲ ಎಂದು ಆದೇಶವಾಯಿತು. ಊರು ಕಾಕಾನೊಡನೆ ಮಾತು ಬಿಟ್ಟಿತು.

ಹಬ್ಬ ಬಂತು. ಬೆಳಗಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಕಾಕಾ ಹತ್ತು ಸಲ ಬಾಗಿಲಿಗೆ ಹೋದ. ಕೇಳಿದರೆ, "ಗಾಳಿ ಛಲೋ ಐತಿ, ಅದಕ್ಕ ನಿಂತೀನಿ" ಎಂದ.

"ಕೇಸ್ ಗೆದ್ರೆಲ್ಲಾ? ಈಗ ಚಕ್ಕುಲಿನೂ ನೀವ ತಿನ್ರಿ!" ಎಂದು ಕಾಕಾನ ಹೆಂಡತಿ ಚಿಗವ್ವ ಒಳಗಿನಿಂದ ಸಿಡುಕಿದಳು.

ಸಂಜೆಯ ಹೊತ್ತಿಗೆ ಪಂಚಾಯಿತಿಯ ಸಿಪಾಯಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ. ಬೌದ್ಧ ಮನೆತನದವನು. ಹೊಸ್ತಿಲಲ್ಲೇ ನಿಂತು ಕಾಕಾನ ಕೈ ಹಿಡಿದುಕೊಂಡ.

"ಕಾಕಾರ, ಹನ್ನೆರಡು ವರ್ಷ ಆ ಮಂಟಪದಾಗ ಆರತಿ ತಾಟ ಹಿಡದು ನಿಂತೀನ್ರಿ. ಒಲ್ಲೆ ಅಂದ್ರ ನೌಕರಿ ಹೋಗ್ತಿತ್ತು. ನಿಮಗೊಬ್ರಿಗೇ ಹೇಳಿದ್ದೆ. ನನ್ನ ಹೆಸರು ಒಂದ್ ಕಡೆನೂ ಬರ್ಲಿಲ್ರಿ..."

"ಏ, ಸುಮ್ನಿರಪಾ! ಮೊದ್ಲ ಒಳಗ ಬಾ, ಕುಂದ್ರು," ಎಂದು ಕಾಕಾ ಗದರಿದ.

ವರ್ಷವಿಡೀ ಕಾಕಾನ ಹುಚ್ಚನ್ನು ಊರಿಗೆಲ್ಲ ನಗುತ್ತ ಹೇಳಿದವನು ನಾನು. ನಾಚಿಕೆಯಾಯಿತು. ಒಳಗೆ ಹೋಗಿ, ಬಂದವರಿಗೆಲ್ಲ ಫರಾಳದ ತಾಟು ತಂದಿಟ್ಟೆ. ಸಿಪಾಯಿಯ ಪಕ್ಕದಲ್ಲಿ ಅದೇ ಚಾಪೆಯ ಮೇಲೆ ಕುಳಿತಿದ್ದ ಕಾಕಾ, "ನನಗೂ ಒಂದು ತಾರಲೇ" ಎಂದ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ.