ಸಗಣಿ ಹುಳ ಹುಡುಕುತ್ತಾ ವೈಟ್‌ಫೀಲ್ಡಿನಲ್ಲಿ

ಕೀಟ ಹಿಡಿಯುವುದೇ ನನ್ನ ಕೆಲಸ ಎಂದು ಹೇಳಿಕೊಂಡ ಮೇಲೆ ಜನ ನನ್ನನ್ನು ನೆಮ್ಮದಿಯಾಗಿ ಬಿಟ್ಟ ದಿನವೇ ಇಲ್ಲ. ಒಂದು ಕಾಲೇಜಿನ ಮ್ಯೂಸಿಯಮ್ಮಿಗೆ ಹುಳ ಹಿಡಿದು ಕೊಡುವವಳು ನಾನು. ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿ ಹಿಂದೆ ಯಾರೋ ವೈಟ್‌ಫೀಲ್ಡಿನಲ್ಲಿ ಹಿಡಿದ ಸಗಣಿ ಹುಳಗಳು ಸಾಲಾಗಿವೆ. ಈಗಲೂ ಅಲ್ಲಿ ಇವೆಯೋ, ಅಳಿದುಹೋದವೋ ನೋಡಿಕೊಂಡು ಬಾ ಎಂದರು ಪ್ರೊಫೆಸರ್. ಸಗಣಿ ಹುಳ ಬರಬೇಕಾದರೆ ಮೊದಲು ಸಗಣಿ ಬೇಕು. ಗೋಳು ಶುರುವಾಗಿದ್ದೇ ಅಲ್ಲಿಂದ.

ಸರ್ಟಿಫಿಕೇಟ್

ಮೊದಲು ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿಗೆ ಹೋದೆ. ಹಿಂದೆ ಅದು ದನ ಮೇಯುವ ಬಯಲಾಗಿತ್ತಂತೆ. ಹುಲ್ಲಿನ ಮೂಲೆಯಲ್ಲಿ ಒಂದು ಲೋಟ ಹೂತು, ಮೇಲೆ ಸ್ವಲ್ಪ ಸಗಣಿ ಇಡುತ್ತೇನೆ, ವಾಸನೆಗೆ ಬಂದ ಹುಳ ಒಳಗೆ ಬೀಳುತ್ತದೆ ಎಂದು ಗೇಟಿನ ಸೆಕ್ಯುರಿಟಿಯವನಿಗೆ ವಿವರಿಸಿದೆ. ಅವನು ಸೂಪರ್‌ವೈಸರನ್ನು ಕರೆದ, ಆತ ಮ್ಯಾನೇಜರನ್ನು ಕರೆದ. ಮೂವರಿಗೂ ಸಗಣಿಯ ಕಥೆ ಮೊದಲಿಂದ ಹೇಳಿದೆ.

ಮ್ಯಾನೇಜರ್ ಹೆಮ್ಮೆಯಿಂದ, “ಪ್ರತಿ ತಿಂಗಳೂ ಔಷಧಿ ಹೊಡೆಸ್ತೀವಿ ಮೇಡಂ. ಒಂದೇ ಒಂದು ಹುಳ ಇಲ್ಲ. ಬೇಕಾದ್ರೆ ಸರ್ಟಿಫಿಕೇಟ್ ಕೊಡ್ತೀನಿ” ಅಂದರು.

ಸಿಟ್ಟಿನಲ್ಲಿ ವಾಪಸ್ ಬಂದು ಪ್ರೊಫೆಸರಿಗೆ ಹೇಳಿದರೆ, ಅವರು ತಣ್ಣಗೆ ಕೇಳಿದರು: “ಸರ್ಟಿಫಿಕೇಟ್ ಇಸ್ಕೊಂಡ್ಯಾ?”

ಗೌರಿಯ ಊಟ

ವೈಟ್‌ಫೀಲ್ಡಿಗೆ ಹತ್ತಿರದ ಮಹದೇವಪುರದಲ್ಲಿ ಎರಡು ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಒಬ್ಬ ಅಜ್ಜಿ ಇನ್ನೂ ಹಸು ಕಟ್ಟಿದ್ದಾರೆ ಎಂದು ಕೇಳಿ ಓಡಿದೆ. ಸಗಣಿ ಸಿಕ್ಕಿತು. ಅವರ ಹಿತ್ತಲಲ್ಲೇ ಇಟ್ಟು ದಿನಾ ಹೋಗಿ ನೋಡಿದೆ. ನೊಣ ಬಿಟ್ಟರೆ ಏನೂ ಇಲ್ಲ. ಆ ಹಸು ಹುಲ್ಲು ಕಂಡು ಯಾವ ಕಾಲವಾಯಿತೋ, ಪಕ್ಕದ ಪಿ.ಜಿ. ಹಾಸ್ಟೆಲಿನಲ್ಲಿ ಮಿಕ್ಕಿದ ಊಟವೇ ಅದರ ಮೇವು. ಇಂಥ ಸಗಣಿಗೆ ಹುಳ ಬರಲ್ಲ ಅಜ್ಜಿ ಎಂದುಬಿಟ್ಟೆ.

ಅಜ್ಜಿ ಹಸುವಿನ ಕತ್ತು ಸವರುತ್ತಾ, “ನಮ್ ಗೌರಿ ಗೋಬಿ ಮಂಚೂರಿ, ಫ್ರೈಡ್ ರೈಸು ಎಲ್ಲಾ ತಿಂತಾಳೆ ಕಣಮ್ಮ. ನಿನ್ ಹುಳಕ್ಕೆ ರುಚಿ ಗೊತ್ತಿಲ್ದಿದ್ರೆ ನಾವೇನ್ ಮಾಡಾನ” ಅಂದರು.

ಅಲುಗಾಡಿದ ಗಣಪ

ಕೊನೆಗೆ ಹೊಸಕೋಟೆಯಾಚೆಯ ಹಳ್ಳಿಯಿಂದ, ಹುಲ್ಲು ಮೇಯುವ ಹಸುವಿನ ಸಗಣಿಯನ್ನು ಸ್ಕೂಟರಿನಲ್ಲಿ ತಂದೆ. ಅದರೊಳಗೆ ಹುಳ ಇಲ್ಲವೆಂದು ಕಿವುಚಿ ನೋಡಿಕೊಂಡು, ವೈಟ್‌ಫೀಲ್ಡಿನ ಒಂದು ಖಾಲಿ ಸೈಟಿನಲ್ಲಿ ಸಂಜೆ ಇಟ್ಟೆ. ಬೆಳಿಗ್ಗೆ ಬಂದರೆ ಲೋಟ ಇದೆ, ಸಗಣಿ ಇಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಗೃಹಪ್ರವೇಶ, ಎಲ್ಲೂ ಸಗಣಿ ಸಿಗದೆ ಯಜಮಾನರು ಈಗತಾನೇ ಬಾಚಿಕೊಂಡು ಹೋದರು ಎಂದ ಅಲ್ಲಿನ ವಾಚ್‌ಮನ್.

ಮೇಲೆ ಹೋದರೆ, ನನ್ನ ಸಗಣಿ ತಲೆಯ ಮೇಲೆ ಗರಿಕೆ ಸಿಕ್ಕಿಸಿಕೊಂಡು, ಗಣಪನಾಗಿ ಮಣೆಯ ಮೇಲೆ ಕೂತಿದೆ. ಮಂತ್ರ ನಡೆಯುತ್ತಿದೆ. ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗಣಪ ಅಲುಗಾಡಿದ. ಎಲ್ಲರೂ ಕೈಮುಗಿದರು. ಗರಿಕೆ ಪಕ್ಕಕ್ಕೆ ವಾಲಿತು. ಬುಡದಿಂದ ಕಪ್ಪಗೆ ಹೊಳೆಯುವ ಸಗಣಿ ಹುಳವೊಂದು ನಿಧಾನವಾಗಿ ಹೊರಬಂತು.

ಸೀಸೆ ಹಿಡಿದು ಮುನ್ನುಗ್ಗಿದೆ. ದೇವರೇ ಬಂದಿದ್ದಾನೆ, ಮುಟ್ಟಬೇಡಿ ಎಂದು ಮನೆಯಾಕೆ ಅಡ್ಡ ನಿಂತರು. ಕೊನೆಗೆ ಪುರೋಹಿತರೇ ರಾಜಿ ಮಾಡಿಸಿ, ವಿಸರ್ಜನೆ ಆದ ಮೇಲೆ ತಗೊಳ್ಳಲಿ ಎಂದರು. ಅಲ್ಲಿಯವರೆಗೆ ಹುಳ ಓಡಿಹೋಗದಂತೆ ಅದರ ಮೇಲೊಂದು ಬಟ್ಟಲು ಕವುಚಿ ಕಾವಲು ಕೂತೆ. ಬಂದವರೆಲ್ಲ ಬಟ್ಟಲಿಗೂ ಅಕ್ಷತೆ ಹಾಕಿ, ಅಭ್ಯಾಸಬಲದಿಂದ ನನಗೂ ನಮಸ್ಕಾರ ಮಾಡಿ ಹೋದರು.

ಅಂತೂ ಹುಳ ಸೀಸೆ ಸೇರಿತು. ವೈಟ್‌ಫೀಲ್ಡಿನಲ್ಲಿ ಒಂದಾದರೂ ಉಳಿದಿದೆಯಲ್ಲ ಎಂದು ಲಿಫ್ಟಿನಲ್ಲಿ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಯಜಮಾನರು ಓಡಿಬಂದು, ಮುಚ್ಚುತ್ತಿದ್ದ ಬಾಗಿಲಿಗೆ ಕೈ ಅಡ್ಡ ಇಟ್ಟು ನನ್ನ ನಂಬರ್ ಕೇಳಿದರು.

“ಮೇಲಿನ ಫ್ಲ್ಯಾಟಿನವರದ್ದು ಮುಂದಿನ ವಾರ ಗೃಹಪ್ರವೇಶ ಮೇಡಂ. ಅವರಿಗೂ ಹುಳ ಇರೋ ಸಗಣಿಯೇ ಬೇಕಂತೆ.”