ಎದಿಗೂಡಿನ ಸಾಲಿ

ನಿವೃತ್ತಿಯಾದ ಮೇಲೆ ನನಗೇನಾಯಿತು, ಹೇಳಿ ನೋಡೋಣ? ಶುಗರ್ ಬಂತು ಅಂತೀರಿ. ಅದು ನೌಕರಿಯಲ್ಲಿದ್ದಾಗಲೇ ಬಂದಿತ್ತು. ಮೊಣಕಾಲು ಹಿಡಿಯಿತು ಅಂತೀರಿ. ಅದೂ ತಪ್ಪು. ಬಿ.ಎಸ್ಸಿ. ಮಾಡಿ ಜಮಖಂಡಿಯ ಕಚೇರಿಯೊಂದರಲ್ಲಿ ಆಯುಷ್ಯ ಸವೆಸಿದ ನನಗೆ, ಎಲುಬಿನ ಗೂಡುಗಳ ನಡುವೆ ಕೆಲಸ ಸಿಕ್ಕಿತು! ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಬಾಗಿಲು ಹಾಕಿಕೊಂಡರೆ ಕಿಟಕಿಯಿಂದ ಬರುತ್ತವೆ.

ಉಸಿರು

ಬನಹಟ್ಟಿಯಲ್ಲಿ ಪವರ್‌ಲೂಮ್ ಶೆಡ್ಡಿನ ಮೇಲೊಂದು ಕೋಣೆ. ಕಿಟಕಿಗಳಿಗೆಲ್ಲ ಕರಿ ಬಟ್ಟೆ. ಒಳಗೆ ಸಾಲಾಗಿ ಕಂಪ್ಯೂಟರು, ಒಂದೊಂದರಲ್ಲೂ ಯಾರದೋ ಬೆಳ್ಳಗಿನ ಎದೆಗೂಡು. ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ಆ ಎಕ್ಸ್‌ರೇಗಳಲ್ಲಿ ಎಲ್ಲಿ ಏನು ಕಾಣುತ್ತದೆ ಎಂದು ಗುರುತು ಹಾಕುವುದು ನಮ್ಮ ಕೆಲಸ. ಆಮೇಲೆ ಡಾಕ್ಟರು ನೋಡಿ ಹೌದು, ಅಲ್ಲ ಅನ್ನುತ್ತಾರೆ. ನಮ್ಮಲ್ಲಿ ಒಬ್ಬರೂ ಡಾಕ್ಟರಲ್ಲ. ಕಲಿಸುವುದು ಎಐ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಒಬ್ಬ ಹೆಣ್ಣುಮಗಳ ತಣ್ಣನೆ ದನಿ. ಎಷ್ಟು ಹೊತ್ತು ಮಾತಾಡಿದರೂ ನಡುವೆ ಒಮ್ಮೆಯೂ ಉಸಿರು ತೆಗೆದುಕೊಳ್ಳದ ದನಿ.

ಕಲಿತ ಮೇಲೆ ಪರೀಕ್ಷೆ. ಪಾಸಾದರೆ ಕುರ್ಚಿ ಕಾಯಂ. ನಪಾಸಾದರೆ ನಾನು ಮನೆಯಲ್ಲಿ ಮೆಂತೇ ಪಲ್ಲೆ ಸೋಸುತ್ತ ಕೂಡಬೇಕು. ಮನೆಯಾಕೆ ಬುಟ್ಟಿ ತೆಗೆದಿಟ್ಟೇ ಇದ್ದಳು.

ಮೊದಲ ದಿನ ಆ ದನಿ ಹೇಳಿತು: "ಈ ವ್ಯಕ್ತಿ ಉಸಿರು ಬಿಗಿ ಹಿಡಿದು ನಿಂತಿದ್ದಾರೆ. ಗಮನಿಸಿ." ಮೈ ಜುಮ್ಮೆಂದಿತು. ಯಾವ ಊರಿನವನೋ, ಯಾವತ್ತು ಹಿಡಿದ ಉಸಿರೋ, ಇನ್ನೂ ಹಿಡಿದೇ ಇದ್ದಾನೆ! ಅಷ್ಟರಲ್ಲಿ ಪಕ್ಕದ ಕುರ್ಚಿಯ ರಬಕವಿಯ ಅಕ್ಕನವರು ಕೆಂಪಗಾಗಿ, ಕಣ್ಣು ಮೇಲೆ ಮಾಡಿ ವಾಲತೊಡಗಿದರು. ಮೇಡಂ ಓಡಿ ಬಂದು ಬೆನ್ನು ತಟ್ಟಿದರು. ಮೇಡಂ ಅಂದರೆ ನಮ್ಮ ಮೇಲ್ವಿಚಾರಕಿ, ನನ್ನ ಮಗಳ ವಯಸ್ಸಿನ ಹುಡುಗಿ.

"ಏನಾತ್ರೀ ಅಕ್ಕಾರ?"

"ಉಸರ ಹಿಡದಾರ ಅಂತು, ನಾನೂ ಹಿಡದ್ನಿ," ಅಕ್ಕ ಏದುಸಿರು ಬಿಟ್ಟರು. "ಬಿಡ್ರಿ ಅಂತ ಹೇಳಾಕ ಒಲ್ಲದಲ್ಲವಾ, ಹಾಟ್ಯಾಂದು!"

ಗಂಟು

ಮುಂದೆ ಗಂಟಿನ ಪಾಠ. ಶ್ವಾಸಕೋಶದಲ್ಲಿ ದುಂಡಗೆ ಬೆಳ್ಳಗೆ ಕಂಡರೆ ಅದು ಗಂಟು. ಇದ್ದರೆ ಕೆಂಪು ಗುಂಡಿ ಒತ್ತಬೇಕು, ಎಲ್ಲ ನೆಟ್ಟಗಿದ್ದರೆ ಹಸಿರು. ನಮ್ಮ ಜೊತೆ ಒಬ್ಬ ಹಳೇ ನೇಕಾರ ಇದ್ದ. ಅವನು ಗಂಟಿದ್ದದ್ದಕ್ಕೆಲ್ಲ ಹಸಿರು ಒತ್ತಿದ್ದ.

"ಯಜಮಾನ್ರ, ಗಂಟು ಕಾಣಲಿಲ್ಲೇನ್ರಿ?" ಮೇಡಂ ಕೇಳಿದರು.

"ಕಾಣತಾವ್ರೀ, ಛಲೋ ಕಾಣತಾವು. ಅದಕ ಹಸರ ಒತ್ತೇನಿ."

"ಯಾಕ್ರೀ?"

"ಎಳಿ ಹರದ್ರ ಗಂಟ ಹಾಕ್ತೀವ್ರೀ. ಗಂಟ ಬಿದ್ದೈತಿ ಅಂದ್ರ ರಿಪೇರಿ ಆಗೇತಿ ಅಂತನ ಅಲ್ಲೇನ್ರಿ?"

"ಎದಿಯೊಳಗ ಹೋಗಿ ಯಾರ್ರೀ ಗಂಟ ಹಾಕವ್ರು?"

ಅವನು ಕತ್ತಲೆಯಲ್ಲಿ ಬೆರಳು ಮೇಲೆ ತೋರಿಸಿದ. ನಾವೆಲ್ಲ ಗಾಬರಿಯಿಂದ ಮೇಲೆ ನೋಡಿದೆವು. ಅಲ್ಲಿ ತಗಡು ಮಾತ್ರ ಇತ್ತು.

ಖಾತ್ರಿ

ಒಂದು ದಿನ ಕರೆಂಟ್ ಹೋಯಿತು. ಕೆಳಗೆ ಮಗ್ಗಗಳು ಒಮ್ಮೆಲೇ ನಿಂತವು. ದಿನವಿಡೀ ಖಟಖಟ ಕೇಳಿದ ಕಿವಿಗೆ ಆ ಮೌನ ಹೆಣದ ಮನೆಯಂತಿತ್ತು. ಬ್ಯಾಟರಿಯ ಮೇಲೆ ಎದೆಗೂಡುಗಳು ಮಾತ್ರ ಹೊಳೆಯುತ್ತಿದ್ದವು. ನಾವೆಲ್ಲ ಗಾಳಿಗೆ ಹೊರಗೆ ಬಂದೆವು. ಚಹದ ಅವ್ವ ಕಿಟಲಿ ಹಿಡಿದು ಒಳಹೊಕ್ಕಳು. ಮನುಷ್ಯರಿಲ್ಲದ ಕೋಣೆಯಲ್ಲಿ ಮೇಜಿನ ಮೇಲಿನ ಇಯರ್‌ಫೋನ್ ಸಣ್ಣಗೆ ಕೇಳಿತು: "ನಿಮಗೆ ಖಾತ್ರಿ ಇದೆಯೇ?"

ಅವ್ವ ಕಿಟಲಿ ಕೆಳಗಿಟ್ಟು ಎದೆಗೂಡಿಗೆ ಉತ್ತರ ಕೊಟ್ಟಳು: "ಹೂಂನ್ರೀ ಯಪ್ಪಾ, ಖರೇನ ಸಕ್ರಿ ಹಾಕೇನಿ!"

ಪರೀಕ್ಷೆ

ಪರೀಕ್ಷೆಯಲ್ಲಿ ಎಲ್ಲ ಸರಾಗ ನಡೆಯಿತು, ಕೊನೆಯ ಎದೆಗೂಡಿನವರೆಗೆ. ಅಂಥದ್ದನ್ನು ನಾನು ಕಂಡಿರಲಿಲ್ಲ. ಇಕ್ಕಟ್ಟಾದ ಗೂಡು, ಬಡಕಲು ಪಕ್ಕೆಲುಬು, ನಡುವೆ ದೊಡ್ಡ ಹೃದಯ. ಹೆಗಲಿಂದ ಹೆಗಲಿಗೆ ಬರಬೇಕಾದ ಕೊರಳೆಲುಬು ಇಲ್ಲವೇ ಇಲ್ಲ. ಕತ್ತಲೆಯಲ್ಲಿ ನನ್ನ ಮುಖ ಗಾಜಿನಲ್ಲಿ ಮೂಡಿ, ಸರಿಯಾಗಿ ಆ ಗೂಡಿನ ಮೇಲೆ ಬಂದು ಕೂತಿತು.

"ಇಲ್ಲಿ ಗಂಟು ಇದೆ. ಕೆಂಪು ಒತ್ತಿ," ದನಿ ಹೇಳಿತು.

ನೋಡಿದೆ. ದುಂಡಗೆ, ಅಚ್ಚ ಬೆಳ್ಳಗೆ, ಅಂಚು ಕತ್ತರಿಸಿದಂತೆ. ನನ್ನ ಕೈ ತಾನಾಗಿ ನನ್ನ ಎದೆಗೆ ಹೋಯಿತು. ಅಂಗಿಯೊಳಗೆ ಅದೇ ಗಾತ್ರದ್ದು ಸಿಕ್ಕಿತು: ಇಷ್ಟಲಿಂಗದ ಬೆಳ್ಳಿ ಕರಡಿಗೆ!

"ಗಂಟು ಇದೆ. ಕೆಂಪು ಒತ್ತಿ."

ಒತ್ತಿದರೆ ಕುರ್ಚಿ ಉಳಿದೀತು. ಆದರೆ ಲಿಂಗಕ್ಕೆ ರೋಗ ಅನ್ನುವುದು ಹೇಗೆ? ಮೆಂತೇ ಪಲ್ಲೆ ಬುಟ್ಟಿ ಕಣ್ಣಮುಂದೆ ಬಂತು. ಬಂದರೆ ಬರಲಿ ಎಂದು ಆ ಗೂಡಿಗೆ ಭಕ್ತಿಯಿಂದ ಕೈಮುಗಿದು ಹಸಿರು ಒತ್ತಿಬಿಟ್ಟೆ.

ಮೇಡಂ ಕರೆದರು. "ಕಾಕಾರ, ಎಐ ಗಂಟು ಅಂದ್ರೂ ನೀವು ಅಲ್ಲ ಅಂದ್ರಿ?"

"ಅದು ಕರಡಿಗಿ ಅದವಾ ತಂಗಿ. ಯಾರೋ ದೊಡ್ಡ ತಪಸ್ವಿ. ಉಪವಾಸ ಮಾಡಿ ಮಾಡಿ ಕೊರಳೆಲುಬು ಸೈತ ಸವದು ಹೋಗ್ಯಾವು."

ಮೇಡಂ ಓಢಣಿ ಬಾಯಿಗೆ ಒತ್ತಿಕೊಂಡರು. "ನೀವು ಪಾಸ್ರೀ ಕಾಕಾರ. ಸ್ವಂತ ಕಣ್ಣಿಂದ ನೋಡ್ತೀರೋ, ಎಐ ಅಂದದ್ದಕ್ಕೆಲ್ಲ ಹೂಂ ಅಂತೀರೋ ಅಂತ ಬೇಕಂತನ ತಪ್ಪು ಹೇಳಿಸಿದ್ವಿ. ಅದು ಗಂಟಲ್ಲ ಖರೆ. ಆದ್ರ ಕರಡಿಗಿನೂ ಅಲ್ಲ. ಗಂಟಿ!"

"ಕೊಳ್ಳಾಗ ಗಂಟಿ ಕಟಗೊಂಡ ತಪಸ್ವಿ ಯಾರವಾ?"

"ಮುಧೋಳ ನಾಯಿರೀ."

ಮನೆಗೆ ಬಂದು ಹೇಳಿದೆ. ಹೂರಣ ರುಬ್ಬುತ್ತಿದ್ದ ಮನೆಯಾಕೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡ್ರಿ. ಮಣ್ಣಿನ ಎತ್ತಿಗಿ ಕೈ ಮುಗಿಯೂ ದಿನ ನಾಯೀಗೂ ಒಂದ ಸಲ ಮುಗದ್ರ ಏನಾತು?"

ಹೌದು, ಅವತ್ತು ಮಣ್ಣೆತ್ತಿನ ಅಮಾವಾಸ್ಯೆ.