ಕಚ್ಚಿದ್ದು ಕಡಜ, ಬೈಸಿಕೊಂಡಿದ್ದು ಕೆಸು

ಹಾನುಬಾಳಿನ ಆಚೀಚೆ ಮೂರು ಮೈಲಿಯೊಳಗೆ ಕಡಜದ ಹುಳು ಯಾರನ್ನು ಕಚ್ಚಿದರೂ ಆ ಸಮಾಚಾರ ಮೊದಲು ಬರುತ್ತಿದ್ದುದು ನನ್ನ ಜಗಲಿಗೆ. ಡಾಕ್ಟರ ಹತ್ತಿರ ಹೋಗುವುದು ಆಮೇಲೆ. ಎಷ್ಟೋ ಜನ ಹೋಗುತ್ತಲೇ ಇರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆ ಮೂರನೆಯದೂ ಅರ್ಧ. ಆದರೆ ಕಡಜದ ವಿಷಯದಲ್ಲಿ ಮಾತ್ರ ನಾನು ಎಂ.ಬಿ.ಬಿ.ಎಸ್!

ನನ್ನ ವೈದ್ಯ ಬಹಳ ಸುಲಭ. ಕಚ್ಚಿದ ಜಾಗಕ್ಕೆ ಮೊದಲು ಕಬ್ಬಿಣ ತಿಕ್ಕಬೇಕು. ಕಬ್ಬಿಣ ಅಂದರೆ ಯಾವುದೋ ದಾರಿಯಲ್ಲಿ ಬಿದ್ದ ಮೊಳೆಯಲ್ಲ, ನನ್ನ ಸೊಂಟದಲ್ಲಿ ತೂಗುವ ಸ್ಟೋರ್ ರೂಮಿನ ಬೀಗದ ಕೈ. ಅರ್ಧ ಗೇಣು ಉದ್ದ. ನಮ್ಮತ್ತೆ ಸಾಯುವ ಹಿಂದಿನ ದಿನ ನನ್ನ ಕೈಗೆ ಕೊಟ್ಟಿದ್ದು, ಅದೂ ಮನಸ್ಸಿಲ್ಲದೆ. ಕಬ್ಬಿಣ ತಿಕ್ಕಿದ ಮೇಲೆ ಕೆಸುವಿನ ದಂಟು ಮುರಿದು ರಸ ಹಚ್ಚಬೇಕು. ಅದರ ಮೇಲೆ ಎಲೆಅಡಿಕೆ ಸುಣ್ಣ. ಇಷ್ಟೂ ಆಗುವವರೆಗೆ ಕಚ್ಚಿಸಿಕೊಂಡವರನ್ನು ಬಿಡದೆ ಬೈಯಬೇಕು. "ಕಣ್ಣು ಎಲ್ಲಿಟ್ಟಿದ್ದೆ? ಅಷ್ಟು ದೊಡ್ಡ ಗೂಡು ಕಾಣ್ಲಿಲ್ವ? ನಿನ್ನ ಕಚ್ದೆ ಇನ್ಯಾರನ್ನ ಕಚ್ಬೇಕು ಅದು?" ಬೈಗುಳ ಅರ್ಧ ಔಷಧಿ. ಬೈಸಿಕೊಳ್ಳುವವರಿಗೆ ಉರಿ ಮರೆತುಹೋಗುತ್ತದೆ.

ನನಗೂ ಕಡಜ ಎಷ್ಟೋ ಸಲ ಕಚ್ಚಿತ್ತು. ಕಾಫಿ ಗಿಡದೊಳಗೆ ಕೈ ಹಾಕಿ ಬದುಕುವವರಿಗೆ ಅದೇನು ಹೊಸದಲ್ಲ. ಒಂದು ಗುಳ್ಳೆ, ಒಂದು ಗಳಿಗೆ ಉರಿ, ಮುಗಿಯಿತು. "ನನ್ನ ಕಚ್ಚಿದ ಕಡಜ ಬದುಕಿದ್ದುಂಟಾ?" ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಈ ಮಾತು ಕಡಜಗಳ ಕಿವಿಗೆ ಬಿದ್ದಿರಬೇಕು!

ಮಗನಿಗೆ ಮದುವೆಯಾಗಿ ಆಗಿನ್ನೂ ಎರಡನೇ ವರ್ಷ. ಮಗ ಪಕ್ಕದ ಎಸ್ಟೇಟಿನಲ್ಲಿ ರೈಟರು, ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಹಗಲು ಮನೆಯಲ್ಲಿ ನಾನು, ನಮ್ಮ ಯಜಮಾನರು, ಸೊಸೆ ಶೈಲ. ಅವಳ ತವರು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆ. ಹುಡುಗಿ ಒಳ್ಳೆಯವಳು. ಆದರೆ ಈ ಮಾತನ್ನು ನಾನು ಆಗ ಯಾರಿಗೂ ಹೇಳಿರಲಿಲ್ಲ. ಅತ್ತೆಯಾದವಳು ಎಲ್ಲವನ್ನೂ ಬಾಯಿಬಿಟ್ಟು ಹೇಳುವುದಕ್ಕಾಗುತ್ತದೆಯೇ?

ಮಳೆ ಹೊಳವಾಗಿ ಒಳ್ಳೆ ಬಿಸಿಲು ಬಿದ್ದಿತ್ತು. ಮಧ್ಯಾಹ್ನ ಊಟ ಮುಗಿಸಿ, ಕಾಫಿ ಗಿಡದ ಬೇಡದ ಚಿಗುರು ಕೀಳೋಣ ಅಂತ ತೋಟಕ್ಕೆ ಇಳಿದೆ. ಮೂರನೇ ಗಿಡಕ್ಕೆ ಕೈ ಹಾಕಿದೆನೋ ಇಲ್ಲವೋ, ಮೊಣಕೈಗೆ ಒಂದು ಕಡಜ ಹೊಡೆಯಿತು. ನಾನೇನು ಹೆದರಲಿಲ್ಲ. ಬೀಗದ ಕೈ ತಿಕ್ಕಿದೆ, ಕೆಸು ಹಚ್ಚಿದೆ, ಸುಣ್ಣ ಬಳಿದೆ. ಬೈಯುವುದಕ್ಕೆ ಯಾರೂ ಇರಲಿಲ್ಲ. ಕಡಜಕ್ಕೇ ಬೈದೆ.

ಕಾಲು ಗಂಟೆ ಆಗಿಲ್ಲ, ಅಂಗೈ ತುರಿಸತೊಡಗಿತು. ಆಮೇಲೆ ಹೊಟ್ಟೆ, ಬೆನ್ನು, ತಲೆಯ ಬುಡ. ಸೆರಗು ಸರಿಸಿ ನೋಡಿಕೊಂಡರೆ ಮೈಮೇಲೆಲ್ಲ ದೋಸೆ ಹುಯ್ದ ಹಾಗೆ ಕೆಂಪು ಗಾದರಿ! ಒಂದು ಗಾದರಿ ಪಕ್ಕದ್ದನ್ನು ಸೇರಿಕೊಂಡು ದೊಡ್ಡದಾಗುತ್ತಿತ್ತು. ಕೆರೆದುಕೊಳ್ಳುತ್ತಲೇ ಮನೆಗೆ ಬಂದೆ.

ಶೈಲ ನೋಡಿದವಳೇ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಅಯ್ಯೋ ಅತ್ತೆ, ಏನಿದು ಮೈಯೆಲ್ಲ?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ಕಡಜ ಕಚ್ತು ಕಣಮ್ಮ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಊರಿಗೆಲ್ಲ ಕಡಜದ ಔಷಧಿ ಮಾಡುವವಳು ತಾನೇ ಕಡಜ ಕಚ್ಚಿಸಿಕೊಂಡು ಹಿಂಗಾಗ್ಬುಟ್ಳು ಅಂದರೆ ನನ್ನ ಹೆಸರಿನ ಗತಿಯೇನು? ಅಷ್ಟರಲ್ಲಿ ಮಧ್ಯಾಹ್ನ ಉಂಡದ್ದು ನೆನಪಾಯಿತು. ಕೆಸುವಿನ ಸಾರು!

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಕೆಸುವಿನ ಸೊಪ್ಪಿಗೆ ಹುಣಸೆಹಣ್ಣು ಕಡಿಮೆಯಾದರೆ ಉಂಡವರ ಬಾಯಿ, ಗಂಟಲು ತುರಿಸುತ್ತದೆ. ಕೆಸು ಕಚ್ಚಿತು ಅನ್ನುತ್ತಾರೆ. ಯಾವ ಮನೆಯಲ್ಲಿ ಕೆಸು ಕಚ್ಚುತ್ತದೋ ಆ ಮನೆ ಸೊಸೆಗೆ ಅಡುಗೆ ಬರುವುದಿಲ್ಲ ಅಂತ ತೀರ್ಮಾನ. ಅದಕ್ಕೆ ಅಪೀಲು ಇಲ್ಲ.

"ಏನಿದು ಅಂತ ನನ್ನೇ ಕೇಳ್ತೀಯಲ್ಲ! ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಿದ್ದೆ?"

"ದೊಡ್ಡ ನಿಂಬೆಹಣ್ಣಿನಷ್ಟು ಹಾಕಿದೀನಿ ಅತ್ತೆ. ನಾನೂ ಉಂಡೆ, ಮಾವನೂ ಉಂಡ್ರು. ನಮಗೇನೂ ಆಗಿಲ್ವಲ್ಲ?"

ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ನನಗೆ ಸಿಟ್ಟು ಬಂತು.

"ನಾನು ಜಾಸ್ತಿ ಉಂಡಿದೀನಿ!"

ಜಗಲಿ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಯಜಮಾನರು ತಲೆ ಎತ್ತಿದರು. "ಅದು ನಿಜ. ಮೂರು ಸಲ ಬಡಿಸ್ಕೊಂಡ್ಳು."

ಅಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಪರವಾಗಿ ಹೇಳಿದ ಮೊದಲನೇ ಸಾಕ್ಷಿ ಅದು.

ಎರಡು ಗಂಟೆಯಲ್ಲಿ ಗಾದರಿ ಇಳಿಯಿತು. ಸುದ್ದಿ ಇಳಿಯಲಿಲ್ಲ. ಯಾಕೆಂದರೆ ಮೊಸರಿಗೆ ಹೆಪ್ಪು ಕೇಳುವುದಕ್ಕೆ ಬಂದಿದ್ದ ಪಕ್ಕದ ಮನೆ ಸಾಕಮ್ಮ ಎಲ್ಲವನ್ನೂ ನೋಡಿಬಿಟ್ಟಿದ್ದಳು. ದೇವೀರಕ್ಕನ ಸೊಸೆ ಮಾಡಿದ ಕೆಸು ಅತ್ತೆಯ ಬಾಯಿ ಬಿಟ್ಟು ಮೈಯನ್ನೇ ಕಚ್ಚಿತಂತೆ ಅಂತ ಮಾರನೇ ದಿನ ಹಾನುಬಾಳಿನ ಹಿಟ್ಟಿನ ಗಿರಣಿಯಲ್ಲಿ ಮಾತು. ಅಲ್ಲಿಂದ ಬಸ್ಸು ಹತ್ತಿ ಕೆ. ಹೊಸಕೋಟೆಗೂ ಹೋಯಿತು. ಶೈಲ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಂಡೆ. ಹೆಸರು ದೊಡ್ಡದಲ್ಲವೇ!

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಬೀಗಿತ್ತಿ ಪಾರ್ವತಮ್ಮ, ಶೈಲನ ತಾಯಿ, ಒಂದು ಚೀಲ ಹಿಡಿದುಕೊಂಡು ಬಂದಿಳಿದಳು. ಚೀಲ ಜಗಲಿ ಮೇಲಿಟ್ಟು ಬಾಯಿ ಬಿಚ್ಚಿದರೆ, ತುಂಬ ಹುಣಸೆಹಣ್ಣು.

"ನಮ್ಮ ಕಡೆ ಹುಣಸೆಗೇನು ಬರ ಇಲ್ಲ ಅಕ್ಕಾ. ನಿಮ್ಮನೇಲಿ ನನ್ನ ಮಗಳಿಗೆ ಸಾಕಾಗ್ತಿಲ್ವಂತೆ ಅಂತ ಕೇಳ್ದೆ. ಅದಕ್ಕೇ ತಂದೆ."

ನಗುನಗುತ್ತಲೇ ಹೇಳಿದಳು. ಬೀಗಿತ್ತಿಯರು ನಗುವಾಗಲೇ ನಾವು ಹುಷಾರಾಗಿರಬೇಕು.

"ಇವತ್ತು ಕೆಸುವಿನ ಸಾರು ನಾನೇ ಮಾಡ್ತೀನಿ. ಶೈಲ ಪಕ್ಕದಲ್ಲಿ ನಿಂತು ನೋಡ್ಲಿ. ಕಚ್ತದಾ ಇಲ್ವಾ, ನೋಡೇಬಿಡಾಣ."

ಅಂದರೆ ಇದು ಊಟವಲ್ಲ, ಪಂಚಾಯ್ತಿ! ಸಾಕಮ್ಮನಿಗೆ ಯಾರು ಹೇಳಿದರೋ ಶಿವನೇ ಬಲ್ಲ. ಊಟದ ಹೊತ್ತಿಗೆ ಸರಿಯಾಗಿ ಮತ್ತೆ ಹೆಪ್ಪು ಕೇಳಿಕೊಂಡು ಬಂದು ಕೂತಿದ್ದಳು.

ಬೀಗಿತ್ತಿ ಬಂದಿದ್ದಾಳೆ, ಬಾಳೆಎಲೆಯಲ್ಲಿ ಬಡಿಸೋಣ ಅಂತ ನಾನು ಕತ್ತಿ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಒಳ್ಳೆಯ ಎಲೆ ಒಂದಿತ್ತು. ಅದರ ಕೆಳಗೆ ಜೋತುಬಿದ್ದಿದ್ದ ಒಣಗಿದ ಎಲೆಯೊಳಗೆ ಗೂಡು ಇತ್ತು. ಅಷ್ಟು ದೊಡ್ಡ ಗೂಡು ನನಗೆ ಕಾಣಲಿಲ್ಲ. ಕಣ್ಣು ಎಲ್ಲಿಟ್ಟಿದ್ದೆನೋ! ಎಲೆ ಎಳೆದೆ. ಕಿವಿಗೆ ಒಂದು, ಕುತ್ತಿಗೆಗೆ ಎರಡು ಕಡಜ ಹೊಡೆದವು.

ಮನುಷ್ಯರಾದವರು ಅಲ್ಲೇ ಕೂಗಿಕೊಳ್ಳುತ್ತಿದ್ದರು. ನಾನು ಬೀಗದ ಕೈ ತೆಗೆದು ಕಿವಿಗೆ ನಾಲ್ಕು ಸಲ ತಿಕ್ಕಿ, ಸೆರಗನ್ನು ತಲೆ ತುಂಬ ಹೊದ್ದು, ಎಲೆ ಹಿಡಿದುಕೊಂಡು ಏನೂ ಆಗದವಳ ಹಾಗೆ ಒಳಗೆ ಬಂದೆ. ಯಜಮಾನರು ಬೆರಗಾಗಿ ನೋಡಿದರು. "ಏನೇ ಇದು, ಬೀಗಿತ್ತಿ ಮುಂದೆ ಇಷ್ಟು ಮರ್ಯಾದೆ?"

ಎಲೆ ಹಾಕಿದರು. ಸಾರು ಬಡಿಸಿದರು. ಪಾರ್ವತಮ್ಮ ಎಷ್ಟು ಹುಣಸೆಹಣ್ಣು ಕಿವುಚಿದ್ದಳೆಂದರೆ ವಾಸನೆಗೇ ಹಲ್ಲು ಜುಮ್ಮೆಂದಿತು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಒಂದು ತುತ್ತು ನುಂಗಿದೆ. ಎರಡನೆಯದು ಬಾಯಿಗೆ ಹೋಗುವಷ್ಟರಲ್ಲಿ ತುಟಿ ದಪ್ಪವಾಯಿತು. ಮೂರನೆಯದಕ್ಕೆ ನಾಲಿಗೆ ಬಾಯೊಳಗೆ ಕಡುಬಿನ ಹಾಗೆ ಉಬ್ಬಿಕೊಂಡಿತು.

"ಕಚ್ತು!" ಅಂತ ಸಾಕಮ್ಮ ಕೂಗಿದಳು. ಅವಳ ದನಿಯಲ್ಲಿ ಖುಷಿಯೇ ಇತ್ತು.

"ಹೆಂಗೆ ಕಚ್ತದೆ?" ಪಾರ್ವತಮ್ಮ ಸೌಟು ಎತ್ತಿಕೊಂಡು ನಿಂತಳು. "ಅರ್ಧ ಸೇರು ಹುಣಸೆಹಣ್ಣು ಹಾಕಿದೀನಿ! ಶೈಲ, ಬೀಗರು ತಿಂದ್ರಲ್ಲ, ಅವರಿಗೇನಾದ್ರೂ ಆತಾ?"

"ನನಗೆ ಹುಳಿ ಬಿಟ್ರೆ ಬೇರೇನೂ ಗೊತ್ತಾಗ್ತಿಲ್ಲ," ಅಂದರು ಯಜಮಾನರು.

"ಹುಣಸೆ ನೀರು ಕುಡಿಸ್ರೋ ಮೊದ್ಲು!" ಅಂದಳು ಸಾಕಮ್ಮ.

ಕುಡಿಸಿದರು. ಒಂದು ಲೋಟ. ಎರಡು. ಪಾರ್ವತಮ್ಮ ಮೂಗು ಹಿಡಿದು ಮೂರನೆಯದನ್ನು ಹುಯ್ದಳು. ಅವಳ ಮಾನದ ಪ್ರಶ್ನೆ ಅಲ್ಲವೇ, ನಾಲ್ಕನೆಯದನ್ನೂ ಹುಯ್ದಳು. ನನಗೆ ಹೊಟ್ಟೆ ತೊಳೆಸಿತು, ಕಣ್ಣು ಊದಿ ಮುಚ್ಚಿಕೊಳ್ಳುತ್ತಾ ಬಂತು. ಉಸಿರು ಎಳೆದರೆ ಸೂಜಿ ಕಣ್ಣಿನಲ್ಲಿ ಹಗ್ಗ ಎಳೆದ ಹಾಗೆ.

"ಇವಳು ಮಾತೇ ಆಡ್ತಿಲ್ಲ," ಅಂದರು ಯಜಮಾನರು. ಮೊದಲ ಸಲ ಅವರ ಮುಖ ಬಿಳುಚಿಕೊಂಡಿತು. "ಹಂಗಾರೆ ಇದು ಸಣ್ಣ ವಿಷಯ ಅಲ್ಲ ಕಣ್ರೋ."

ಶೈಲ ನನ್ನ ಬೆನ್ನು ಸವರುತ್ತಾ ಅಳುತ್ತಿದ್ದಳು. "ಅತ್ತೆ, ಇನ್ಮೇಲೆ ಈ ಮನೇಲಿ ಕೆಸು ಬೇಯ್ಸಲ್ಲ ಅತ್ತೆ, ನನ್ನಾಣೆಗೂ ಬೇಯ್ಸಲ್ಲ."

ಅಂಥ ಹೊತ್ತಿನಲ್ಲೂ ನಾನು ಯೋಚನೆ ಮಾಡಿದೆ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ. ಆದರೆ ಹೆಸರು ತೆಗೆದುಕೊಂಡು ಹೋಗಿ ಸ್ಮಶಾನದಲ್ಲಿ ಯಾರಿಗೆ ಕೆಸು ಹಚ್ಚಲಿ? ಬಾಯಿ ಬಿಟ್ಟೆ, ದನಿ ಬರಲಿಲ್ಲ. ಸೆರಗು ತಳ್ಳಿದೆ. ಸೊಂಟದಿಂದ ಬೀಗದ ಕೈ ಕಿತ್ತು, ಎಲ್ಲರೂ ನೋಡುವ ಹಾಗೆ ಕಿವಿಗೆ ತಿಕ್ಕಿಕೊಂಡೆ.

ಬೀಗದ ಕೈ ತಿಕ್ಕಿದರೆ ಏನು ಅಂತ ಊರಿಗೇ ಕಲಿಸಿದವಳು ನಾನು.

"ಅತ್ತೆ! ಕಡಜ ಕಚ್ತಾ?" ಅಂದಳು ಶೈಲ.

ತಲೆ ಆಡಿಸಿದೆ.

ಅವಳ ಅಳು ನಿಂತಿತು. "ಅವತ್ತೂ ಇದೇನಾ?"

ಇದಕ್ಕೆ ತಲೆ ಆಡಿಸುವುದು ಉಸಿರು ಎಳೆಯುವುದಕ್ಕಿಂತ ಕಷ್ಟವಾಯಿತು. ಆಡಿಸಿದೆ.

ಪಾರ್ವತಮ್ಮ ಸೌಟನ್ನು ಪಾತ್ರೆಗೆ ಹಾಕಿದ ಸದ್ದು ಕೇಳಿಸಿತು. ಶೈಲ ಒಂದೇ ಮಾತು ಹೇಳಿದಳು. "ಅದನ್ನ ಆಮೇಲೆ ಮಾತಾಡಾಣ. ಸಾಕಮ್ಮಾರೇ, ನಿಮ್ಮ ಜೀಪು ತೆಗೆಸಿ!"

ಜೀಪಿನಲ್ಲಿ ಮುಂದೆ ಸಾಕಮ್ಮನ ಗಂಡ, ಹಿಂದೆ ನನ್ನ ಒಂದು ಪಕ್ಕ ಶೈಲ, ಇನ್ನೊಂದು ಪಕ್ಕ ಸಾಕಮ್ಮ. ಹತ್ತುವಾಗಲೇ ಅವಳು ಎರಡು ಕೆಸುವಿನ ದಂಟು ಮುರಿದುಕೊಂಡು ಬಂದಿದ್ದಳು. ನನ್ನ ಬೀಗದ ಕೈಯನ್ನೂ ಕಿತ್ತುಕೊಂಡಳು. ಹಾನುಬಾಳು ಮುಟ್ಟುವವರೆಗೂ ಜೀಪು ಎಗರಿದಾಗೆಲ್ಲ ಒಂದೊಂದು ಸಲ ತಿಕ್ಕಿದಳು. ಆ ರಸ್ತೆಯಲ್ಲಿ ಜೀಪು ಎಗರದ ಜಾಗವೇ ಇಲ್ಲ! ತಿಕ್ಕುವುದಲ್ಲದೆ ಬಾಯಿಯನ್ನೂ ನಿಲ್ಲಿಸಲಿಲ್ಲ.

"ಕಣ್ಣು ಎಲ್ಲಿಟ್ಟಿದ್ದೆ ದೇವೀರಕ್ಕ? ಅಷ್ಟು ದೊಡ್ಡ ಗೂಡು ಕಾಣ್ಲಿಲ್ವ? ನಿನ್ನ ಕಚ್ದೆ ಇನ್ಯಾರನ್ನ ಕಚ್ಬೇಕು ಅದು? ನೀನೇ ಹೇಳ್ಕೊಟ್ಟಿದ್ದು ಕಣಕ್ಕ, ಬೇಜಾರ್ ಮಾಡ್ಕೋಬೇಡ!"

ನನ್ನ ಔಷಧಿಯ ರುಚಿ ನನಗೆ ಗೊತ್ತಾಗಿದ್ದು ಅವತ್ತೇ. ಬೈದರೆ ಉರಿ ಮರೆತುಹೋಗುವುದಿಲ್ಲ. ಬೈಯುವವರಿಗೆ ಹಾಗೆ ಕಾಣುತ್ತದೆ, ಅಷ್ಟೆ.

ಡಾಕ್ಟರು ನನ್ನ ಮುಖ ನೋಡಿದವರೇ ಏನೂ ಕೇಳದೆ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಕೈಗೆ ಇನ್ನೊಂದು. ಎದೆ ಢವಢವ ಅಂತು. ಸ್ವಲ್ಪ ಹೊತ್ತಿಗೆ ಯಾರೋ ಗಂಟಲಿಂದ ಕೈ ತೆಗೆದ ಹಾಗೆ ಉಸಿರು ಒಳಗೆ ಹೋಯಿತು. ಗಾಳಿಗೆ ಅಷ್ಟು ರುಚಿ ಇರುವುದು ನನಗೆ ಗೊತ್ತಿರಲಿಲ್ಲ.

ಶೈಲ ಎರಡು ಸಲದ ಕಡಜದ ಕಥೆಯನ್ನೂ ಹೇಳಿದಳು. "ಅಜ್ಜಿ, ಇದು ಅಲರ್ಜಿ," ಅಂದರು ಡಾಕ್ಟರು. "ಕಡಜದ ವಿಷ ನಿಮ್ಮ ಮೈಗೆ ಆಗ್ತಿಲ್ಲ."

ದನಿ ಬಂದ ಕೂಡಲೇ ನಾನು ವಾದಕ್ಕೆ ನಿಂತೆ. "ಇಷ್ಟು ವರ್ಷ ಕಚ್ಚೈತೆ, ಏನೂ ಆಗಿರ್ಲಿಲ್ಲ ಸ್ವಾಮಿ."

"ಮೈ ಯಾವಾಗ ತಿರುಗಿ ಬೀಳುತ್ತೆ ಅಂತ ಹೇಳಕ್ಕಾಗಲ್ಲ. ಮೊದಲ ಸಲ ಮೈಯೆಲ್ಲ ಗಾದರಿ ಬಂದಿತ್ತಲ್ಲ, ಆಗಲೇ ಬರಬೇಕಿತ್ತು. ಇನ್ನರ್ಧ ಗಂಟೆ ತಡ ಆಗಿದ್ರೆ ನನ್ನ ಹತ್ರ ಬರೋ ಕೆಲಸ ಇರ್ತಿರ್ಲಿಲ್ಲ. ಇನ್ನೊಂದು ಸಲ ಕಚ್ಚಿದ್ರೆ ಕೆಸು ಗಿಸು ಅಂತ ಕೂರ್ಬೇಡಿ, ಸೀದಾ ಬನ್ನಿ. ಕಚ್ಚಿದ ಮೇಲೆ ಏನು ಕೊಟ್ರಿ ಇವರಿಗೆ?"

"ನಾಲ್ಕು ಲೋಟ ಹುಣಸೆ ನೀರು," ಅಂದಳು ಶೈಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸಂಜೆವರೆಗೆ ಇಲ್ಲೇ ಮಲಗಿರ್ಲಿ. ಕಕ್ಕಸು ಎಡಗಡೆಗಿದೆ."

ಆಮೇಲೆ ನನ್ನ ಕಿವಿ ನೋಡಿದರು. ಕಡಜ ಕಚ್ಚಿದ ಗುರುತೇ ಸಿಗಲಿಲ್ಲ. ಸಾಕಮ್ಮ ತಿಕ್ಕಿದ ರಭಸಕ್ಕೆ ಚರ್ಮವೇ ಎದ್ದುಹೋಗಿತ್ತು. ಬೀಗದ ಕೈಯ ತುಕ್ಕು ನೋಡಿ ಮೂರನೇ ಇಂಜೆಕ್ಷನ್ ಕೊಟ್ಟರು. ಅದು ಕಡಜಕ್ಕಲ್ಲ. ನನ್ನ ವೈದ್ಯಕ್ಕೆ!

ಸಂಜೆ ಸಾಕಮ್ಮನಿಂದ ಬೀಗದ ಕೈ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿ ಮನೆಗೆ ಬಂದಾಗ ಪಾರ್ವತಮ್ಮ ಹೊರಡುವುದಕ್ಕೆ ನಿಂತಿದ್ದಳು. "ಹುಣಸೆಹಣ್ಣು ಇಲ್ಲೇ ಇರ್ಲಿ ಅಕ್ಕಾ," ಅಂದಳು. "ಬಾಯಿ ತೊಳ್ಕೊಳಾಕಾಯ್ತದೆ." ಯಜಮಾನರು ಕೆಮ್ಮಿದರು. ಉತ್ತರ ಹೇಳುವ ಮುಖ ನನಗಿರಲಿಲ್ಲ, ಇದ್ದ ಮುಖ ಊದಿಕೊಂಡಿತ್ತು.

ಶೈಲ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಜಿ ತಂದಿಟ್ಟಳು. ಆಮೇಲೆ ಕೈ ಚಾಚಿದಳು.

"ಬೀಗದ ಕೈ ಕೊಡಿ ಅತ್ತೆ."

"ಯಾಕೆ?"

"ತುಕ್ಕು ಹಿಡಿದ ಕಬ್ಬಿಣ ನಿಮ್ಮ ಕೈಗೆ ಸಿಗಬಾರದಂತೆ. ಡಾಕ್ಟ್ರು ಹೇಳವ್ರೆ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನನಗೂ ಗೊತ್ತು, ನನಗೆ ಗೊತ್ತಾಗಿದೆ ಅಂತ ಅವಳಿಗೂ ಗೊತ್ತು. ಆದರೆ ಸುಳ್ಳಿನ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ಅವತ್ತು ನನಗಿರಲಿಲ್ಲ. ಬಿಚ್ಚಿ ಕೊಟ್ಟೆ. ನಮ್ಮತ್ತೆಯ ಕೈಯಿಂದ ಆ ಬೀಗದ ಕೈ ಬಿಡಿಸುವುದಕ್ಕೆ ಯಮನೇ ಬರಬೇಕಾಯಿತು. ನನ್ನ ಕೈಯಿಂದ ಬಿಡಿಸುವುದಕ್ಕೆ ಮೂರು ಕಡಜ ಸಾಕಾದವು.

ಅದಾಗಿ ಒಂದು ತಿಂಗಳಿಗೆ ಸಾಕಮ್ಮನ ಕೈಗೆ ಕಡಜ ಕಚ್ಚಿತು. ಅಭ್ಯಾಸಬಲ, ಓಡಿ ನಮ್ಮ ಜಗಲಿಗೇ ಬಂದಳು. ನಾನೂ ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದೆ. ಬರೀ ಸೊಂಟ! ಹೋಗಲಿ, ಉಳಿದರ್ಧ ಔಷಧಿಯನ್ನಾದರೂ ಕೊಡೋಣ, ಜೀಪಿನ ಬಾಕಿಯೂ ಇದೆ ಅಂತ "ಕಣ್ಣು ಎಲ್ಲಿಟ್ಟಿದ್ದೆ?" ಅಂತ ಶುರುಮಾಡಿದೆ.

ಒಳಗಿನಿಂದ ಶೈಲನ ದನಿ ಬಂತು. "ಅತ್ತೆ, ಮೊದ್ಲು ಉಸಿರಾಟ ಹೆಂಗೈತೆ, ನಾಲಿಗೆ ಊದೈತಾ ಕೇಳಿ. ಮೈ ತುರಿಸ್ತದಾ ಕೇಳಿ. ಬೈಯೋದು ಆಮೇಲೆ."

ಕೇಳಿದೆ. ಉಸಿರಾಟ ಚೆನ್ನಾಗಿತ್ತು. ನಾಲಿಗೆಯಂತೂ ಬಹಳ ಚೆನ್ನಾಗಿತ್ತು. ತುರಿಕೆ ಇರಲಿಲ್ಲ. ಹಾಗಂತ ಒಳಗೆ ಕೂಗಿ ಹೇಳಿದೆ. ಆಮೇಲೆ ಕೈ ಕಟ್ಟಿಕೊಂಡು ಜಗಲಿ ಮೇಲೆ ಕೂತೆ, ಬೈಯುವುದಕ್ಕೆ ಅಪ್ಪಣೆ ಬರಲಿ ಅಂತ.